ತಾಯಿಯ ಹೆಸರು ಹಿಡಿದು: ಸವದತ್ತಿಯಿಂದ ಪಟ್ಟದಕಲ್ಲಿನವರೆಗೆ

ಮೊದಲ ದಿನ: ಧಾರವಾಡದಿಂದ ಗುಡ್ಡಕ್ಕೆ

ಭರತ ಹುಣ್ಣಿಮೆಯ ಹಿಂದಿನ ದಿನ ಸವದತ್ತಿ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ. ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಚೀಲ, ಬುಟ್ಟಿ ಎಲ್ಲಾ ಒಳಗೆ ಬಿದ್ದವು. ನಮಗೆ ಡ್ರೈವರ್ ಹಿಂದಿನ ಉದ್ದ ಸೀಟಿನಲ್ಲಿ ಅರ್ಧರ್ಧ ಜಾಗ ಸಿಕ್ಕಿತು. ಜೊತೆಗೆ ಇದ್ದವಳು ನನ್ನ ಗೆಳತಿ. ಧಾರವಾಡದವಳೇ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ, ಹಳಗನ್ನಡ ಶಾಸನ ಓದುವ ಅಭ್ಯಾಸ ಇದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ, ಘಟಪ್ರಭಾ ಕಡೆ ಒಂದು ಸುತ್ತು ಹಾಕಿ, ಅಲ್ಲಿಂದ ಬಾದಾಮಿಗೆ ಇಳಿಯೋಣ ಎಂದು ಯೋಜನೆ ಹಾಕಿದವಳೂ ಅವಳೇ. ದೇವರ ಹೆಸರಿಗೆ ಬಿಟ್ಟ ಹೆಣ್ಣುಮಕ್ಕಳ ಬಗ್ಗೆ ನಾವಿಬ್ಬರೂ ವರ್ಷಗಟ್ಟಲೆ ಫೋನಿನಲ್ಲಿ ಮಾತಾಡಿದ್ದೇವೆ. ಕಣ್ಣಾರೆ ನೋಡುತ್ತಾ ಮಾತಾಡಬೇಕು ಅನ್ನಿಸಿತ್ತು.

ನಾನು ಮೈಸೂರು ಕಡೆಯವಳು. ನಮ್ಮಲ್ಲಿ ಈ ಮಾತು ಬಂದರೆ ಎಲ್ಲರೂ ಅದು ಉತ್ತರ ಕರ್ನಾಟಕದ ವಿಷಯ ಅಂದುಬಿಡುತ್ತಾರೆ. ಹಾಗಲ್ಲ. ನಂಜನಗೂಡಿನ ಶ್ರೀಕಂಠೇಶ್ವರ ಗುಡಿಯಲ್ಲಿ ದೇವದಾಸಿಯರಿದ್ದರು. ಮುಜರಾಯಿ ಗುಡಿಗಳಲ್ಲಿ ಅವರ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲಿ ನಿಲ್ಲಿಸಿತು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು ಅದೇ ನಂಜನಗೂಡಿನಲ್ಲಿ, 1878ರಲ್ಲಿ. ಪುಟ್ಟಲಕ್ಷ್ಮಮ್ಮ ಎಂಬ ದೇವದಾಸಿಯ ಮಗಳು ಆಕೆ. ಇದನ್ನೆಲ್ಲ ಬಸ್ಸಿನಲ್ಲಿ ಹೇಳುತ್ತಿದ್ದಾಗ ಗೆಳತಿ ಅಂದಳು, "ಅಪ್ಪನ ಹೆಸರು ಬಿಟ್ಟು ಅವ್ವನ ಹೆಸರು ಹೇಳಿದಿ ನೋಡು. ಇದನ್ನ ನೆನಪಿಟ್ಕೊ. ಮಹಾಕೂಟದಾಗ ಮತ್ತ ಮಾತಾಡೋಣು."

ಅಮ್ಮಿನಬಾವಿ, ಇನಾಮಹೊಂಗಲ ದಾಟಿದ ಮೇಲೆ ರಸ್ತೆಯ ಒಂದು ಬದಿ ಪೂರಾ ಚಕ್ಕಡಿಗಳು. ಎತ್ತಿನ ಕೊಂಬಿಗೆ ರಿಬ್ಬನ್ನು, ಕೊರಳಲ್ಲಿ ಗೆಜ್ಜೆ ಸರ. ಕೊಲ್ಲಾಪುರ, ಸಾಂಗ್ಲಿ ಕಡೆಯ ಟೆಂಪೋಗಳು ಹಾರ್ನ್ ಹೊಡೆಯುತ್ತಾ ಅವನ್ನು ದಾಟಿ ಹೋಗುತ್ತಿದ್ದವು. ಸವದತ್ತಿ ಊರಿನಿಂದ ಗುಡ್ಡ ನಾಲ್ಕೈದು ಕಿಲೋಮೀಟರ್. ಸಂಜೆ ಹೊತ್ತಿಗೆ ಗುಡ್ಡದ ಸುತ್ತ ಎಲ್ಲಿ ನೋಡಿದರೂ ಮೂರು ಕಲ್ಲಿನ ಒಲೆ, ಹೊಗೆ, ಭಂಡಾರದ ಹಳದಿ. ಗುಂಪು ಗುಂಪಾಗಿ ಜನ ಕೈಯೆತ್ತಿ "ಉಧೋ ಉಧೋ" ಅಂದಾಗ ಎದೆ ನಡುಗುತ್ತದೆ. ಭಕ್ತಿ ಇಲ್ಲದವರಿಗೂ ನಡುಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ತಕರಾರಿರುವುದು ಹೆಣ್ಣುಮಗುವನ್ನು ಬಿಡುವುದರ ಬಗ್ಗೆ. ಈ ತಾಯಿಯ ಬಗ್ಗೆ ಅಲ್ಲ.

ಎರಡನೇ ದಿನ: ಹುಣ್ಣಿಮೆ

ಬೆಳಿಗ್ಗೆ ಐದಕ್ಕೇ ಎದ್ದು ಜೋಗುಳಬಾವಿಗೆ ಹೋದೆವು. ಗುಡ್ಡಕ್ಕೆ ಬಂದವರು ಮೊದಲು ಇಲ್ಲಿ ಮಿಂದು ಆಮೇಲೆ ಮೇಲೆ ಹೋಗುವುದು ವಾಡಿಕೆ. ಯಲ್ಲಮ್ಮ ಅಂದರೆ ರೇಣುಕೆ. ಅವಳ ಕಥೆ ಎಲ್ಲರಿಗೂ ಗೊತ್ತಿರುವುದೇ. ದಿನಾ ಮಲಪ್ರಭೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ನೀರು ತರುತ್ತಿದ್ದವಳು, ಒಂದು ದಿನ ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆ ನೋಡಿ ಕ್ಷಣ ಮೈಮರೆತಳು. ಕೊಡ ನಿಲ್ಲಲಿಲ್ಲ. ಜಮದಗ್ನಿ ಶಾಪ ಕೊಟ್ಟ, ಮಗ ಪರಶುರಾಮ ತಲೆ ಕಡಿದ, ಆಮೇಲೆ ವರ ಬೇಡಿ ಬದುಕಿಸಿದ. ಶಾಪದಿಂದ ಬಂದ ಚರ್ಮದ ರೋಗ ಅವಳಿಗೆ ವಾಸಿಯಾಗಿದ್ದು ಈ ಬಾವಿಯ ನೀರಿನಲ್ಲಿ ಅಂತ ನಂಬಿಕೆ. ಗಂಡ ಶಪಿಸಿದ, ಮಗ ಕಡಿದ ಹೆಣ್ಣು ಇಲ್ಲಿ ಲಕ್ಷಾಂತರ ಜನರ ಅವ್ವ ಆಗಿದ್ದಾಳೆ.

ಡಿಸೆಂಬರ್ ಹೊತ್ತಿಗೆ ಬರುವ ಹೊಸ್ತಿಲ ಹುಣ್ಣಿಮೆಯನ್ನು ಇಲ್ಲಿ ರಂಡಿ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ಜಮದಗ್ನಿ ಸತ್ತ ದಿನ ಎಂದು ಬಳೆ ಒಡೆಯುತ್ತಾರೆ. ಭರತ ಹುಣ್ಣಿಮೆಗೆ ಅವ್ವ ಮತ್ತೆ ಮುತ್ತೈದೆ. ಹಾಗಾಗಿ ಹುಣ್ಣಿಮೆಯ ದಿನ ಬಳೆ ಅಂಗಡಿಗಳ ಮುಂದೆ ಕಾಲಿಡಲು ಜಾಗವಿಲ್ಲ. ಹಸಿರು ಬಳೆ ರಾಶಿ ರಾಶಿ.

ಗುಡಿಯ ಕೆಳಗಿನ ಬಯಲಿನಲ್ಲಿ ಪರಡಿ ತುಂಬುವುದು ನಡೆದಿತ್ತು. ಕಡುಬು, ಹೋಳಿಗೆ, ಬದನೆಕಾಯಿ ಪಲ್ಲೆ, ಅನ್ನ. ಮನೆಯವರೆಲ್ಲಾ ಕಂಬಳಿ ಹಾಸಿ ಕೂತು, ಅವ್ವನ ಹೆಸರಿಗೆ ಬಿಟ್ಟ ಜೋಗತಿಯರನ್ನು ಕರೆದು, ಅವರ ಬುಟ್ಟಿಗೆ ಎಡೆ ಹಾಕಿ, ಅವರ ಕಾಲಿಗೆ ಬೀಳುತ್ತಾರೆ. ನಮ್ಮ ಪಕ್ಕದ ಕುಟುಂಬ ಕರೆದ ಅಜ್ಜಿಯ ಜೊತೆ ನಾವೂ ಕೂತೆವು. ಅಜ್ಜಿಯ ಪಡಲಗಿಯನ್ನು ಹತ್ತಿರದಿಂದ ನೋಡಿದೆ. ಬಿದಿರಿನ ಅಗಲ ಬುಟ್ಟಿ, ಅಂಚಿಗೆಲ್ಲಾ ಕವಡೆ ಹೊಲಿದಿದೆ. ನಡುವೆ ಹಿತ್ತಾಳೆಯ ಅವ್ವನ ಮುಖ, ಮೂಗುತಿ ಸವೆದು ನುಣುಪಾಗಿದೆ. ಒಂದು ಬದಿ ಭಂಡಾರದ ಗಂಟು, ಇನ್ನೊಂದು ಬದಿ ನವಿಲುಗರಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ಕಾರ್ಡು ಕೂಡ ಅದರಲ್ಲೇ ಇತ್ತು. ಮಾಸಾಶನಕ್ಕೆ ಬೇಕಲ್ಲ. ಪಕ್ಕದಲ್ಲಿ ಅಜ್ಜಿಯ ಜೊತೆಗಾರ್ತಿ ಚೌಡಿಕೆ ಹಿಡಿದಿದ್ದಳು. ಒಂದೇ ತಂತಿ, ಮರದ ಹೊಟ್ಟೆ, ತಳಕ್ಕೆ ಚರ್ಮ. ಕಂಕುಳಲ್ಲಿ ಒತ್ತಿ ಮೀಟಿದರೆ ದನಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ.

ಊಟ ಆದಮೇಲೆ ಅಜ್ಜಿ ತಾನಾಗಿ ಮಾತು ತೆಗೆದಳು.

"ನನಗ ಏಳೋ ಎಂಟೋ ಇರಬೇಕವಾ, ಮುತ್ತು ಕಟ್ಟಿದಾಗ. ಹೊಸಾ ಸೀರಿ ಉಡಿಸಿದ್ರು, ಹೋಳಿಗಿ ಮಾಡಿದ್ರು. ಮದಿವಿ ಅಂದ್ರ ಹಿಂಗ ಇರತೈತಿ ಅಂತ ತಿಳದಿದ್ನಿ."

"ಯಾಕಜ್ಜಿ ಕಟ್ಟಿದ್ರು?" ಅಂದೆ.

"ನಮ್ಮಪ್ಪಗ ಗಂಡಸು ಮಕ್ಕಳು ಇರಲಿಲ್ಲ. ನಾ ಮದಿವಿ ಆಗಿ ಹ್ವಾದ್ರ ಮುಪ್ಪಿನ ಕಾಲಕ್ಕ ಅವರಿಗೆ ಕೂಳು ಹಾಕೋರು ಯಾರು? ನಾನ ಅವರ ಗಂಡಮಗ ಆದ್ನಿ."

ಪುಸ್ತಕಗಳಲ್ಲಿ ಕಾರಣಗಳ ಪಟ್ಟಿಯೇ ಇರುತ್ತದೆ. ತಲೆಯಲ್ಲಿ ಜಡೆ ಕಟ್ಟಿತು, ಅವ್ವ ಕರೆದಳು ಎನ್ನುವುದು. ಕಾಯಿಲೆ ವಾಸಿಯಾಗಲಿ ಎಂದು ಹೊತ್ತ ಹರಕೆ. ಆದರೆ ನಾನು ಕೇಳಿದ ಮಾತುಗಳಲ್ಲೆಲ್ಲಾ ಅಜ್ಜಿ ಹೇಳಿದ ಕಾರಣವೇ ಮತ್ತೆ ಮತ್ತೆ ಬಂತು. ಗಂಡುಮಗ ಇಲ್ಲದ ಬಡ ದಲಿತ ಮನೆ, ಮುಪ್ಪಿಗೆ ಆಸರೆಯಾಗಲು ಒಬ್ಬ ಮಗಳು. ಕೆಂಪು ಬಿಳಿ ಮುತ್ತಿನ ಸರ ಕಟ್ಟಿದ ಮೇಲೆ ಅವಳಿಗೆ ಮದುವೆ ಇಲ್ಲ. ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬ ಸೀರೆ, ಅಕ್ಕಿ, ಒಂದಿಷ್ಟು ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತಾನೆ. ಅವನಿಗೆ ಬೇಡವಾದ ದಿನ ಬಿಡುತ್ತಾನೆ. ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುವುದು, ಉಳಿದ ದಿನ ಹೊಲದಲ್ಲಿ ಕೂಲಿ. ಎಷ್ಟೋ ಹುಡುಗಿಯರನ್ನು ಇದೇ ದಾರಿಯಲ್ಲಿ ಮುಂಬೈಗೆ, ಪುಣೆಗೆ, ಸಾಂಗ್ಲಿಗೆ ಸಾಗಿಸಿದರು. ಇವತ್ತು ಕಾಲಿಗೆ ಬಿದ್ದವರು ನಾಳೆ ಅದೇ ಜೋಗತಿಯನ್ನು ಕಟ್ಟೆಯ ಕೆಳಗೆ ಕೂರಿಸುತ್ತಾರೆ. ಇದು ನನಗೆ ಎಷ್ಟು ಯೋಚಿಸಿದರೂ ಅರಗುವುದಿಲ್ಲ.

ಈಗ ಗುಡ್ಡದಲ್ಲಿ ಬಹಿರಂಗವಾಗಿ ಮುತ್ತು ಕಟ್ಟುವುದಿಲ್ಲ. ಅಜ್ಜಿ ಮಾತ್ರ ಮೆಲ್ಲಗೆ, "ಗುಡ್ಡದಾಗ ಇಲ್ಲವಾ. ಮನ್ಯಾಗ ಕಟ್ಟತಾರ, ಕತ್ತಲಾಗ" ಅಂದಳು. ನಾನು ನೂರು ರೂಪಾಯಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಉಡಿಗೆ ಹಾಕು ಅಂದಳು. ಉಡಿಯಲ್ಲಿ ಹಾಕಿದೆ, ಭಂಡಾರ ಹಚ್ಚಿದಳು.

ಮೂರನೇ ದಿನ: ಘಟಪ್ರಭಾ ಕಡೆ

ಯರಗಟ್ಟಿ ಮೇಲಿಂದ ಗೋಕಾಕ್, ಅಲ್ಲಿಂದ ಘಟಪ್ರಭಾ. ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಬಸ್ಸು ತೆವಳಿತು, ಅಷ್ಟೇ.

ಘಟಪ್ರಭಾಕ್ಕೆ ಹೋದ ಕಾರಣ ಬೇರೆ ಇತ್ತು. ಮಾಜಿ ದೇವದಾಸಿಯರೇ ಸೇರಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರೂ ಮಾಸ್ ಅನ್ನುವುದು, ಇಲ್ಲಿಯದು. 1997ರಲ್ಲಿ ಶುರುವಾಯಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರನ್ನೂ ಏಳನೇ ವಯಸ್ಸಿಗೆ ಬಿಟ್ಟಿದ್ದರು. ಮುತ್ತು ಕಟ್ಟುವ ಸುದ್ದಿ ತಿಳಿದರೆ ಆ ಮನೆಗೆ ಹೋಗಿ ತಡೆಯುವುದು, ಸ್ವಸಹಾಯ ಗುಂಪು, ಸಾಲ, ಮಕ್ಕಳ ಓದು ಇವೆಲ್ಲಾ ಅವರು ಮಾಡಿಕೊಂಡು ಬಂದ ಕೆಲಸ. ಹೊರಗಿನಿಂದ ಬಂದವರು ಹೇಳಿದರೆ ಬಾಗಿಲು ಹಾಕಿಕೊಳ್ಳುವ ಮನೆಗಳು, ತಮ್ಮಂತೆಯೇ ಮುತ್ತು ಕಟ್ಟಿಸಿಕೊಂಡವಳು ಬಂದು ಕೂತರೆ ಕೇಳುತ್ತವೆ.

ನಾವು ಮಧ್ಯಾಹ್ನ ಉಂಡದ್ದು ಹತ್ತಿರದ ಹಳ್ಳಿಯ ಒಂದು ಮನೆಯಲ್ಲಿ. ಗೆಳತಿಗೆ ಪರಿಚಯದ ಅಕ್ಕ. ಐವತ್ತರ ಮೇಲೆ ವಯಸ್ಸು. ಮುತ್ತು ತೆಗೆದುಹಾಕಿ ಬಹಳ ವರ್ಷ ಆಯಿತು. ಎರಡು ಎಮ್ಮೆ, ನಾಲ್ಕು ಆಡು, ಹೊಲಿಗೆ ಮಿಷಿನ್ನು. ರೊಟ್ಟಿ ಬಡಿಯುತ್ತಲೇ ಮಾತಾಡಿದರು. ಅವರ ಸಿಟ್ಟು ದೇವರ ಮೇಲೂ ಇಲ್ಲ, ಅಪ್ಪ ಅವ್ವನ ಮೇಲೂ ಜಾಸ್ತಿ ಇಲ್ಲ. ಒಂದು ಕಾಗದದ ಮೇಲೆ.

"ಮಗಳನ್ನ ಸಾಲಿಗೆ ಹಾಕಾಕ ಹೋದ್ನಿ. ತಂದಿ ಹೆಸರು ಅಂದ್ರು. ಸುಮ್ನ ನಿಂತ್ನಿ. ಮತ್ತ ಕೇಳಿದ್ರು, ಜೋರಾಗಿ. ಹಿಂದ ಸಾಲಾಗಿ ಜನ ನಿಂತಿತ್ತು. ಯಲ್ಲಮ್ಮ ಅಂತ ಬರೀರಿ ಅಂದ್ನಿ. ನಕ್ಕರು."

ಆ ಮಗಳು ಈಗ ನರ್ಸಿಂಗ್ ಓದಿ ಕೆಲಸದಲ್ಲಿದ್ದಾಳೆ. ಆದರೂ ಅವ್ವ ಆ ದಿನವನ್ನು ನಿನ್ನೆ ನಡೆದಂತೆ ಹೇಳಿದರು. ತಂದೆ ಯಾರೆಂದು ಊರಿಗೆಲ್ಲಾ ಗೊತ್ತು. ಅವನ ಹೊಲದ ಬದುವಿನ ಮೇಲೆಯೇ ಮಗಳು ಶಾಲೆಗೆ ನಡೆದು ಹೋಗುತ್ತಿದ್ದಳಂತೆ. ಕಾಗದದಲ್ಲಿ ಮಾತ್ರ ಅವನಿಲ್ಲ.

ಕಾನೂನುಗಳು ಬಂದಿವೆ. ಈ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ 1934ರಲ್ಲಿ ಒಂದು ಕಾಯ್ದೆ ಬಂತು. ಮದರಾಸಿನದು 1947ರಲ್ಲಿ. ಕರ್ನಾಟಕದ್ದು 1982ರ ಕಾಯ್ದೆ, ಜಾರಿಗೆ ಬಂದದ್ದು 1984ರಲ್ಲಿ. ಅದರಲ್ಲಿ ಹೆಣ್ಣುಮಗುವನ್ನು ಬಿಡುವವರಿಗೆ ಜೈಲು ಇದೆ, ಬಿಟ್ಟವರು ಹೆತ್ತವರೇ ಆದರೆ ಶಿಕ್ಷೆ ಇನ್ನೂ ಜಾಸ್ತಿ. ಇಟ್ಟುಕೊಂಡವನ ಮಾತು ಎಲ್ಲೂ ಇರಲಿಲ್ಲ. ಮಗಳನ್ನು ಬಿಟ್ಟ ಬಡ ಅಪ್ಪ ಅಪರಾಧಿ, ಅವಳ ಮೇಲೆ ಕಣ್ಣಿಟ್ಟವನು ಗೌರವಸ್ಥ. ಆಮೇಲೆ 1993-94ರಲ್ಲಿ ಸರ್ಕಾರ ಸಮೀಕ್ಷೆ ಮಾಡಿದಾಗ 22,873 ಹೆಸರು ಸಿಕ್ಕವು. 2007-08ರಲ್ಲಿ ಬಿಟ್ಟುಹೋದವರನ್ನು ಎಣಿಸಿದಾಗ ಇನ್ನೂ 23,787. ಕಾಯ್ದೆ ಇದ್ದೂ ಇಷ್ಟು.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಮೊದಲ ಬಾರಿಗೆ ಮಕ್ಕಳ ಕಡೆ ತಿರುಗಿತು. ತಂದೆಯ ಹೆಸರು ಹೇಳಲೇಬೇಕು ಎಂದು ದೇವದಾಸಿಯ ಮಕ್ಕಳನ್ನು ಯಾರೂ ಒತ್ತಾಯಿಸುವಂತಿಲ್ಲ. ಬೇಕಾದರೆ ತಂದೆ ಯಾರೆಂದು ಗುರುತಿಸಿಕೊಡಿ, ಆಸ್ತಿಯಲ್ಲಿ ಪಾಲು ಕೊಡಿಸಿ ಎಂದು ಅವರೇ ಕೇಳಬಹುದು. ಅಕ್ಕನಿಗೆ ಇದು ಗೊತ್ತಿತ್ತು. "ಪಾಲು ಬ್ಯಾಡ. ಹೆಸರು ಕೇಳದಿದ್ರ ಸಾಕು" ಅಂದರು. ಗೆಳತಿ ಒಪ್ಪಲಿಲ್ಲ. "ಪಾಲೂ ಬೇಕ್ರಿ ಅಕ್ಕಾ, ಯಾಕ ಬ್ಯಾಡ?" ಅಂದಳು. ನಾನು ಗೆಳತಿಯ ಕಡೆ. ಜಮೀನು ಇಲ್ಲದ್ದರಿಂದಲೇ ಅಲ್ವಾ ಇದೆಲ್ಲಾ ಶುರುವಾಗಿದ್ದು?

ನಾಲ್ಕನೇ ದಿನ: ಬಾದಾಮಿ, ಮಹಾಕೂಟ

ರಾತ್ರಿ ಲೋಕಾಪುರದ ಮೇಲೆ ಬಾದಾಮಿ ತಲುಪಿ ಮಲಗಿದೆವು. ಬೆಳಿಗ್ಗೆ ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಮೊಸರು. ಗುಹೆಗಳನ್ನು ಈ ಸಲ ನೋಡಲಿಲ್ಲ. ಸೀದಾ ಆಟೋ ಹಿಡಿದು ಮಹಾಕೂಟಕ್ಕೆ.

ಮಹಾಕೂಟ ಗುಡ್ಡಗಳ ಮಡಿಲಲ್ಲಿದೆ. ನಡುವೆ ಊಟೆ ನೀರಿನ ಪುಷ್ಕರಿಣಿ, ಸುತ್ತ ಚಾಲುಕ್ಯರ ಕಾಲದ ಸಣ್ಣ ದೊಡ್ಡ ಗುಡಿಗಳು. ಹುಡುಗರು ದಂಡೆಯಿಂದ ನೀರಿಗೆ ಹಾರುತ್ತಿದ್ದರು. ನಾವು ಬಂದದ್ದು ಮಹಾಕೂಟೇಶ್ವರ ಗುಡಿಯ ಮುಂದಿನ ಮಂಟಪದ ಕಂಬ ನೋಡಲು. ಗೆಳತಿ ಮೊಬೈಲ್ ಬೆಳಕನ್ನು ಓರೆಯಾಗಿ ಹಿಡಿದಳು. ನೇರ ಬೆಳಕಿನಲ್ಲಿ ಅಕ್ಷರ ಕಾಣುವುದಿಲ್ಲ, ಬದಿಯಿಂದ ಹಿಡಿದರೆ ಗೀಟುಗಳಲ್ಲಿ ನೆರಳು ನಿಂತು ಎದ್ದು ಬರುತ್ತವೆ. ಬೆರಳು ಮುಟ್ಟಿಸದೆ, ಗಾಳಿಯಲ್ಲೇ ಅಕ್ಷರ ತೋರಿಸುತ್ತಾ ಓದಿದಳು.

ಎಂಟನೇ ಶತಮಾನದ ಮೊದಲ ಭಾಗ. ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಕೊಟ್ಟ ದಾನದ ಶಾಸನ ಅದು. ಸೂಳೆ ಎಂದೇ ಬರೆದಿದ್ದಾರೆ, ಅದೂ ಗೌರವದ ಬಹುವಚನದಲ್ಲಿ. ಆಕೆ ಇಲ್ಲಿ ಹಿರಣ್ಯಗರ್ಭ ದಾನ ಮಾಡಿದಳು. ಬಂಗಾರದ ಗರ್ಭದೊಳಗೆ ಹೊಕ್ಕು ಹೊರಬಂದು ಆ ಬಂಗಾರವನ್ನೇ ಕೊಟ್ಟುಬಿಡುವುದು, ದೊರೆಗಳು ಮಾಡುವ ದಾನ ಅದು. ದೇವರ ಪೀಠಕ್ಕೆ ಮಾಣಿಕ್ಯ ಕಟ್ಟಿಸಿದಳು. ಬೆಳ್ಳಿಯ ಕೊಡೆ ಏರಿಸಿದಳು. ಹೊಲ ಬಿಟ್ಟಳು.

"ಈಗ ಇದನ್ನ ಕೇಳು" ಅಂತ ಗೆಳತಿ ಅದರ ನಡುವಿನ ಸಾಲುಗಳಿಗೆ ಬಂದಳು. ವಿನಾಪೋಟಿಯ ಪರಿಚಯ ಹೇಗೆ ಮಾಡಿದ್ದಾರೆ ಅಂದರೆ, ಅಜ್ಜಿ ರೇವಮಂಚಳ, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ಮೂರು ತಲೆಮಾರು, ಮೂರೂ ಹೆಣ್ಣು. ತಂದೆಯ ಹೆಸರು ಬರೆದಿಲ್ಲ. ಯಾರೂ ಕೇಳಿದಂತೆ ಕಾಣುವುದಿಲ್ಲ.

ನಾನು ಕಂಬದ ಬುಡದಲ್ಲಿ ಕೂತುಬಿಟ್ಟೆ. ನಿನ್ನೆ ಅಕ್ಕ ಹೇಳಿದ ಶಾಲೆಯ ಸಾಲು ಕಣ್ಣಮುಂದೆ ಇತ್ತು. ಇಲ್ಲಿ ತಾಯಿ, ಅಜ್ಜಿಯ ಹೆಸರು ದೊರೆಯ ಹೆಸರಿನ ಜೊತೆಗೇ ಕಲ್ಲಿನಲ್ಲಿದೆ. ಅಲ್ಲಿ ಅದೇ ತಾಯಿಯ ಹೆಸರಿಗೆ ನಕ್ಕರು.

ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಆ ಕಾಲದಲ್ಲಿ ಇವರೆಲ್ಲಾ ರಾಣಿಯರಂತೆ ಇದ್ದರು ಎಂದು ಕೆಲವರು ಹೊಗಳಿ ಬರೆಯುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಕಲ್ಲು ಕೆತ್ತಿಸಲು ದುಡ್ಡು ಇದ್ದವಳ ಹೆಸರು ಮಾತ್ರ ಕಲ್ಲಿನಲ್ಲಿ ಉಳಿಯುತ್ತದೆ. ಇಲ್ಲದವಳು ಹೇಗಿದ್ದಳೋ. ವಿನಾಪೋಟಿಯ ವಂಶವೇ ಗುಡ್ಡದ ಜೋಗತಿಯರು ಅಂತಲೂ ಹೇಳಲು ಬರುವುದಿಲ್ಲ. ಅರಮನೆಗೆ, ದೊಡ್ಡ ಗುಡಿಗೆ ಸೇರಿದ ಹೆಣ್ಣುಮಕ್ಕಳದು ಒಂದು ದಾರಿ. ಹಳ್ಳಿಯ ಅವ್ವನಿಗೆ ಬಿಟ್ಟ ದಲಿತ ಹೆಣ್ಣುಮಕ್ಕಳದು ಇನ್ನೊಂದು. ಆದರೆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನಗೆ ಒಂದು ವಿಷಯ ಖಾತ್ರಿಯಾಯಿತು. ವಿನಾಪೋಟಿ ಕೊಟ್ಟವಳು. ಗುಡ್ಡದ ಅಜ್ಜಿಯನ್ನು ಕೊಟ್ಟುಬಿಟ್ಟರು. ಕೊಡುವಷ್ಟು ಹೊಲ ಕೈಯಲ್ಲಿ ಇದ್ದವಳನ್ನು ಅಪ್ಪ ಯಾರು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಐದನೇ ದಿನ: ಪಟ್ಟದಕಲ್ಲು

ಪಟ್ಟದಕಲ್ಲಿನಲ್ಲಿ ಜನ ತುಂಬಿದ್ದರು. ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳೇ ಜಾಸ್ತಿ. ವಿರೂಪಾಕ್ಷ ಗುಡಿಯ ಮುಂದೆ ಗೈಡ್ ಒಬ್ಬರು ಚೆನ್ನಾಗಿ ಹೇಳುತ್ತಿದ್ದರು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದು, ಅದರ ನೆನಪಿಗೆ ರಾಣಿ ಲೋಕಮಹಾದೇವಿ ಈ ಗುಡಿ ಕಟ್ಟಿಸಿದ್ದು. ಹಾಡುಗಾರರಿಗೆ ಮೊದಲಿನಿಂದ ಇದ್ದ ಹಕ್ಕುಗಳನ್ನು ರಾಣಿ ಉಳಿಸಿಕೊಟ್ಟಳು ಎಂಬ ಶಾಸನವೂ ಇಲ್ಲಿದೆ. ಗುಡಿ ಎಂದರೆ ಹಾಡು, ಕುಣಿತ, ವಾದ್ಯ, ಅದರಿಂದ ಹೊಟ್ಟೆ ಹೊರೆಯುವ ಜನ, ಎಲ್ಲಾ ಸೇರಿ.

ಗೆಳತಿ ಹುಡುಕುತ್ತಿದ್ದದ್ದು ಅದಕ್ಕಿಂತ ಸ್ವಲ್ಪ ಈಚಿನ ಒಂದು ಶಾಸನದ ಹೆಂಗಸನ್ನು. ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬಂದಿದ್ದರು. ಧಾರಾವರ್ಷ ಧ್ರುವನ ಆಳ್ವಿಕೆ. ಈ ಗುಡಿಯ ಸೂಳೆ, ಗೋಯಿಂದಪೊದ್ದಿಯ ಮಗಳು ಬಾದಿಪೊದ್ದಿ ದಾನ ಕೊಟ್ಟಳು. ಕುದುರೆಯ ರಥ, ಆನೆಯ ರಥ, ಭೂಮಿ, ಕರು ಹಾಕುತ್ತಿರುವ ಆಕಳು. ವಿನಾಪೋಟಿಗೆ ದೊರೆಯ ಆಸರೆ ಇತ್ತು ಎನ್ನಬಹುದು. ಬಾದಿಪೊದ್ದಿಯ ಮಾತಿನಲ್ಲಿ ಯಾವ ದೊರೆಯ ಪ್ರೀತಿಯೂ ಬರುವುದಿಲ್ಲ. ಅವಳು ಗುಡಿಯ ಕೆಲಸದವಳು, ತಾಯಿಯ ಮಗಳು, ದಾನ ಕೊಟ್ಟವಳು. ಅಷ್ಟೇ ಹೇಳಿದರೆ ಅವಳ ಪರಿಚಯ ಮುಗಿಯಿತು.

ಮಧ್ಯಾಹ್ನ ಮಲಪ್ರಭೆಯ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಸವದತ್ತಿ ಹತ್ತಿರ ಅಣೆಕಟ್ಟಿನ ಹಿಂದೆ ತುಂಬಿ ನಿಂತ ಹೊಳೆಯೇ ಇಲ್ಲಿಗೆ ಸಣ್ಣಗಾಗಿ ಬರುತ್ತದೆ. ಗೆಳತಿ ಹೊಸ ಯೋಜನೆ ತೆಗೆದಳು. ಘಟಪ್ರಭಾ ಕಡೆಯ ಆ ಅಕ್ಕನನ್ನೂ ಅವರ ಗುಂಪಿನ ಹೆಣ್ಣುಮಕ್ಕಳನ್ನೂ ಇಲ್ಲಿಗೆ ಕರೆತರಬೇಕು, ಕಂಬದ ಮುಂದೆ ನಿಲ್ಲಿಸಿ ಓದಿ ಹೇಳಬೇಕು ಅಂತ. ಅಲ್ಲಿಂದಲೇ ಫೋನ್ ಮಾಡಿದಳು.

"ಬರ್ತೀವಿ, ಯಾಕ ಬರೂದಿಲ್ಲ" ಅಂದರು ಅಕ್ಕ. "ಆದ್ರ ಕಬ್ಬು ಕಡಿಯೂದು ಮುಗೀಲಿ. ಈಗ ಬಂದ್ರ ಕೂಲಿ ಹೊಕ್ಕೈತಿ."

ಯುಗಾದಿ ಆದಮೇಲೆ ಎಂದು ಮಾತಾಯಿತು. ಒಂದು ಟೆಂಪೋ ಮಾಡಿದರೆ ಎಲ್ಲರೂ ಹಿಡಿಸುತ್ತಾರೆ. ಖರ್ಚು ನಾವಿಬ್ಬರೂ ಹಂಚಿಕೊಳ್ಳುವುದು. ಬುತ್ತಿ ಅವರದು.